ಹನ್ನೆರಡನೆಯ ಪುಟದ ದಾರಿ

ಜೂನ್ 8

ಲತೀಫಾ ಹತ್ತು ಗಂಟೆಗೇ ಬಂದಳು. ಹೆಗಲಿಗೆ ಲ್ಯಾಪ್‌ಟಾಪು, ಕಂಕುಳಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಶೀಟು. ಅವಳು ಮಾನ್ವಿಯ ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುವವಳು. ನಾನು ದೇವದುರ್ಗದಲ್ಲಿ ಕನ್ನಡ. ಇಬ್ಬರ ಮನೆಯೂ ರಾಯಚೂರಿನಲ್ಲಿ. ಮೌಲ್ಯಮಾಪನ ಕೇಂದ್ರದಲ್ಲಿ ಪಕ್ಕಪಕ್ಕ ಕೂತು ಶುರುವಾದ ಸ್ನೇಹ ಈಗ ಇಲ್ಲಿಗೆ ಬಂದಿದೆ: ಒಂದು ಟ್ರಸ್ಟಿನವರಿಗಾಗಿ ಮೊಬೈಲಿನಲ್ಲಿ ಆಡುವ ಕಥೆಯೊಂದನ್ನು ಮಾಡುತ್ತಿದ್ದೇವೆ. ಓದುವ ಹುಡುಗರೇ ಅದರಲ್ಲಿ ಪಾತ್ರ. ಅಲ್ಲಲ್ಲಿ ಎರಡು ಗುಂಡಿಗಳು ಬರುತ್ತವೆ, ಒಂದನ್ನು ಒತ್ತಬೇಕು, ಕಥೆ ಆ ದಾರಿ ಹಿಡಿಯುತ್ತದೆ. ಬರೆಯುವುದು ನಾನು, ಕಟ್ಟುವುದು ಅವಳು.

ನನ್ನ ಕಥಾನಾಯಕ ಕನಕರಾಯ, ಉಪಕಾಲುವೆಯೊಂದರ ನೀರಗಂಟಿ. ಗೇಟಿನ ಚಾವಿ ಅವನ ಸೊಂಟದಲ್ಲಿ. ಮೇಲಿನ ಊರಿಗೆ ನೀರು ಬಿಟ್ಟರೆ ಕೆಳಗಿನ ಊರಿಗೆ ಸಾಲದು. ಯಾರಿಗೆ, ಯಾವಾಗ, ಎಷ್ಟು ಎಂದು ಆಡುವವರು ನಿರ್ಧರಿಸಬೇಕು. ಒಂದೊಂದು ನಿರ್ಧಾರಕ್ಕೂ ಬೇರೆಯೇ ಕಥೆ ಬರೆಯಬೇಕೆಂದುಕೊಂಡಿದ್ದೆ.

"ಹತ್ತು ಕಡಿ ಎರಡೆರಡು ದಾರಿ ಒಡದ್ರ ಕಡೀಕ ಎಷ್ಟು ಮುಕ್ತಾಯ ಆಗ್ತಾವ ಹೇಳ್ರಿ ಮೇಡಂ?" ಎಂದಳು.

"ಇಪ್ಪತ್ತು?"

"ಅರೆ ಅಲ್ಲಾ! ಸಾವಿರದ ಇಪ್ಪತ್ನಾಕು. ನಿಮ್ಮ ಪಿಂಚಣಿ ಸುರು ಆದ್ರೂ ಬರಿಯೋದು ಮುಗ್ಯಂಗಿಲ್ಲ."

ನಮಗಿರುವುದು ಇಪ್ಪತ್ತು ಸಾವಿರ ಪದ. ಒಂದು ಸಲ ಆಡಲು ಅರ್ಧ ಗಂಟೆ. ಕವಲು ಹೆಚ್ಚಾದಷ್ಟೂ ಒಂದೊಂದು ಕವಲಿನ ಕಥೆ ಗಿಡ್ಡವಾಗುತ್ತದೆ; ಕಥೆ ಉದ್ದ ಬೇಕೆಂದರೆ ಕವಲು ಕಡಿಮೆ ಮಾಡಬೇಕು. ಅವಳು ಶೀಟು ಬಿಚ್ಚಿ ಉಪಾಯ ತೋರಿಸಿದಳು. ದಾರಿ ಒಡೆದಂತೆ ಕಾಣಿಸಿ, ಎರಡು ಪುಟ ದಾಟಿದ ಮೇಲೆ ಮತ್ತೆ ಒಂದೇ ದಾರಿಗೆ ಕೂಡಿಸಿಬಿಡುವುದು. ಕನಕರಾಯ ಎಡಗಡೆಯ ಗೇಟು ಎತ್ತಲಿ, ಬಲಗಡೆಯದನ್ನೇ ಎತ್ತಲಿ, ಮುಂದಿನ ಪುಟದಲ್ಲಿ ಇಂಜಿನಿಯರ್ ಬಂದು ಬೈಯುತ್ತಾನೆ.

"ಇದು ಮೋಸ ಅಲ್ಲೇನು?"

"ಎಲ್ಲಾರೂ ಮಾಡ್ತಾರ್ರಿ. ಆಡೋರಿಗೆ ಗೊತ್ತಾಗಂಗಿಲ್ಲ."

ಗೊತ್ತಾಗದಿದ್ದರೆ ಮೋಸ ಅಲ್ಲವೇ? ನನಗೆ ಸಿಟ್ಟು ಬಂತು. ಎದ್ದು ನನ್ನ ಯಜಮಾನರ ಮಂಚದ ಬಳಿ ಹೋಗಿ ವಿಷಯ ಹೇಳಿದೆ. ಇವರು ಶಕ್ತಿನಗರದ ವಿದ್ಯುತ್ ಸ್ಥಾವರದ ಕಂಟ್ರೋಲ್ ರೂಮಿನಲ್ಲಿ ಇಪ್ಪತ್ತಾರು ವರ್ಷ ದುಡಿದವರು. ಮೂರು ವರ್ಷದಿಂದ ನರಗಳು ಸೋಲುತ್ತಿವೆ. ಮೊದಲು ಕೈ, ಆಮೇಲೆ ಕಾಲು. ಹೋದ ದೀಪಾವಳಿಗೆ ಮಾತು ನಿಂತಿತು. ಊಟ ಹೊಟ್ಟೆಗೆ ಹಾಕಿದ ನಳಿಕೆಯಿಂದ, ಉಸಿರು ಮುಖವಾಡದ ಯಂತ್ರದಿಂದ. ಉಳಿದಿರುವುದು ಕಣ್ಣು. ಮೇಲೆ ನೋಡಿದರೆ ಹೌದು, ಎಡಕ್ಕೆ ನೋಡಿದರೆ ಅಲ್ಲ. ಹೆಚ್ಚು ಹೇಳಬೇಕಾದಾಗ ಅಕ್ಷರದ ಹಲಗೆ ಹಿಡಿಯುತ್ತೇನೆ. ಮೊದಲು ಯಾವ ಸಾಲು, ಆಮೇಲೆ ಯಾವ ಅಕ್ಷರ, ಆಮೇಲೆ ಯಾವ ಗುಣಿತ ಎಂದು ಒಂದೊಂದಾಗಿ ಕೇಳುತ್ತ ಹೋಗಬೇಕು. ಒತ್ತಕ್ಷರಗಳನ್ನು ನಾವು ಕೈಬಿಟ್ಟು ಬಹಳ ದಿನವಾಯಿತು.

ಇವತ್ತು ಎರಡು ಪದ ಬರಲು ಇಪ್ಪತ್ತು ನಿಮಿಷ ಹಿಡಿಯಿತು: ಡಮಿ ಬಟನ.

ಲತೀಫಾ ನಕ್ಕಳು. ಇವರ ಕಣ್ಣೂ ನಕ್ಕಿತು. ಇವರ ಅಕ್ಕ ಗುರುಶಾಂತಮ್ಮ ಅಡುಗೆಮನೆಯಿಂದಲೇ "ಏನಂದ ಏನಂದ?" ಎನ್ನುತ್ತ ಬಂದರು. ಮಾನ್ವಿಯಲ್ಲಿ ಮನೆ ಮಠ ಸೊಸೆಗೆ ಬಿಟ್ಟು ತಮ್ಮನಿಗಾಗಿ ಇಲ್ಲಿ ಬಂದು ಇದ್ದಾರೆ. ನಾನು ಕಾಲೇಜಿಗೆ ಹೋಗಲು ಸಾಧ್ಯವಾಗಿರುವುದೇ ಅವರಿಂದ.

ನನ್ನ ಕಥೆಯಲ್ಲಿ ಡಮ್ಮಿ ಬಟನ್, ಒತ್ತಿದರೂ ಏನೂ ಬದಲಾಗದ ಗುಂಡಿ, ಇರುವುದಿಲ್ಲ. ಈ ಮನೆಯಲ್ಲಿಯೂ ಇಲ್ಲ. ಕಿಟಕಿ ತೆರೆಯುವುದರಿಂದ ಹಿಡಿದು ನಾಲಿಗೆಗೆ ಸವರುವ ಒಂದು ಹನಿ ಚಹಾದವರೆಗೆ ಇವರನ್ನು ಕೇಳದೆ ನಾನು ಏನನ್ನೂ ಮಾಡುವುದಿಲ್ಲ. ಇದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಜೂನ್ 19

ಡಾಕ್ಟರು ಮನೆಗೇ ಬಂದಿದ್ದರು. ಎದೆಗೆ ಸ್ಟೆತಸ್ಕೋಪು ಹಿಡಿದು ಎದ್ದು, ನನ್ನನ್ನು ಹೊರಗೆ ಕರೆಯಲು ನೋಡಿದರು. ಇಲ್ಲಿಯೇ ಹೇಳಿ ಎಂದೆ. ಅವರಿಗೆ ಅದು ಹಿತವೆನಿಸಲಿಲ್ಲ, ಆದರೂ ಹೇಳಿದರು. ಮುಖವಾಡ ಹೆಚ್ಚು ದಿನ ಸಾಲುವುದಿಲ್ಲ. ಕಫ ಕಟ್ಟಿಕೊಂಡರೆ ಗಂಟಲಲ್ಲಿ ತೂತು ಮಾಡಿ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸಬೇಕಾಗುತ್ತದೆ. ಹಾಗೆ ಮಾಡಿದರೆ ವರ್ಷಗಟ್ಟಲೆ ಬದುಕಬಹುದು, ಆದರೆ ಯಂತ್ರ ಬಿಟ್ಟು ಇರಲಾಗದು. ಬೇಡವೆಂದರೆ ಕಡೆಗಾಲ ನೋವಿಲ್ಲದಂತೆ ನೋಡಿಕೊಳ್ಳಬಹುದು, ಮನೆಯಲ್ಲಿಯೇ.

"ಈಗ್ಲೇ ಅವಸರ ಇಲ್ಲ. ತಿಂಗಳೊಪ್ಪತ್ತಿನಾಗ ನಿರ್ಧಾರ ಮಾಡಿ ತಿಳಸ್ರಿ ಮೇಡಂ. ಬರದು ಇಟ್ಕೊಂತೀನಿ."

"ನಿರ್ಧಾರ ನಂದಲ್ರಿ, ಇವರದು," ಎಂದೆ.

ಇವರು ಮೇಲೆ ನೋಡಿದರು. ಡಾಕ್ಟರು ಅದನ್ನು ಗಮನಿಸದೆ ಚಪ್ಪಲಿ ಹಾಕಿಕೊಂಡರು.

ನನ್ನ ಬಗ್ಗೆ ನನಗೆ ಹೆಮ್ಮೆಯಾಯಿತು. ಬರೆಯಲು ನಾಚಿಕೆ, ಆದರೂ ಆಗಿದ್ದು ನಿಜ.

ಜೂನ್ 29

ನಿನ್ನೆ ಗಬ್ಬೂರು ದಾಟುವಾಗ ಬಸ್ಸಿನಲ್ಲಿ ಹನ್ನೆರಡನೆಯ ಪುಟ ಹೊಳೆಯಿತು. ಎರಡು ಊರಿನವರೂ ಕನಕರಾಯನ ಮೇಲೆ ಮುಗಿಬಿದ್ದಿದ್ದಾರೆ. ಒಂದು ಗುಂಡಿ: ಗೇಟಿನ ಬಳಿ ನಿಲ್ಲು. ಇನ್ನೊಂದು: ಚಾವಿ ಕಚೇರಿಯ ಮೇಜಿನ ಮೇಲಿಟ್ಟು ಮನೆಗೆ ಹೋಗು. ಎರಡನೆಯದನ್ನು ಒತ್ತಿದರೆ ಕಥೆ ಅಲ್ಲಿಗೇ ಮುಗಿಯುತ್ತದೆ. ನಿಜವಾಗಿ ಮುಗಿಯುತ್ತದೆ. ಅವನು ಕಾಲುವೆಯ ದಂಡೆಯ ಮೇಲೆ ಬರಿಗೈಯಲ್ಲಿ ನಡೆದುಹೋಗುವ ಆರು ಸಾಲು ಬರೆದೆ. ಈ ಕಥೆಯಲ್ಲಿ ನನಗೆ ಅತ್ಯಂತ ಇಷ್ಟವಾದವು ಈ ಆರು ಸಾಲುಗಳೇ.

ಇವರಿಗೆ ಓದಿ ತೋರಿಸಿದೆ. ಬಹಳ ಹೊತ್ತು ಮೇಲೆಯೇ ನೋಡುತ್ತಿದ್ದರು.

ಸಂಜೆ ಕವಿತೆ ಓದುವ ಮೊದಲು ಎಂದಿನಂತೆ ಕೇಳಿದೆ: ದೊಡ್ಡದೋ ಚಿಕ್ಕದೋ? ಚಿಕ್ಕದೆಂದರು. ಈಚೆಗೆ ದಿನವೂ ಚಿಕ್ಕದೇ. ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ, ಆಮೇಲೆ ಯಂತ್ರದ ಸದ್ದೊಂದೇ. ಒಂದು ದೊಡ್ಡದನ್ನೂ ಓದಿದೆ.

ಜುಲೈ 6

ಚಹಾ ಬೇಕೋ, ಮಜ್ಜಿಗೆ ಬೇಕೋ, ಎಳನೀರು ಬೇಕೋ ಎಂದು ಮೂರು ಕೇಳುವುದನ್ನು ಬಿಟ್ಟಿದ್ದೇನೆ. ಎರಡೇ ಕೇಳುತ್ತೇನೆ. ಮೂರು ಸಲ ಕಣ್ಣೆತ್ತುವುದು ಇವರಿಗೆ ಶ್ರಮ. ಫ್ಯಾನಿನ ವಿಷಯ ಕೇಳುವುದಿಲ್ಲ. ಈ ಸೆಕೆಯಲ್ಲಿ ಯಾರಾದರೂ ಬೇಡವೆನ್ನುತ್ತಾರೆಯೇ? ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಹೊರಳಿಸುವುದಕ್ಕೂ ಅಷ್ಟೆ, ಗಡಿಯಾರವೇ ಹೇಳುತ್ತದೆ.

ಅಕ್ಕ ಮಾತ್ರ ತಮ್ಮದೇ ರೀತಿ. ಪಕ್ಕದಲ್ಲಿ ಮುಕ್ಕಾಲು ಗಂಟೆ ಕೂತು ಹಲಗೆಯ ಮೇಲೆ ಬೆರಳಿಟ್ಟು ಹುಡುಕುತ್ತಾರೆ. ಅವರು ಓದಿದ್ದು ನಾಲ್ಕನೇ ಇಯತ್ತೆ. "ಕ ಸಾಲೇನೋ? ಅಲ್ಲಾ? ಚ? ತಡೀ ತಡೀ, ನನ್ನ ಕಣ್ಣೂ ಮುಪ್ಪಾಗ್ಯಾವ, ಅಮರಾ, ಓಡಬ್ಯಾಡ." ಇಷ್ಟೆಲ್ಲ ಆಗಿ ಇವತ್ತು ಬಂದದ್ದು: ಉಪು ಹೆಚು. ಅಂದರೆ ಮಧ್ಯಾಹ್ನ ನಾಲಿಗೆಗೆ ಸವರಿದ ಸಾರಿನಲ್ಲಿ ಉಪ್ಪು ಹೆಚ್ಚಾಗಿತ್ತು.

"ಹೌದಪಾ ದೊಡ್ಡ ಸಾಹೇಬ! ಒಂದು ಹನಿ ನೆಕ್ಕಿ ಇಷ್ಟು ದಿಮಾಕು!" ಎಂದು ಅಕ್ಕ ಬೈದರು. ಇಬ್ಬರೂ ಖುಷಿಯಾಗಿದ್ದರು. ಮುಕ್ಕಾಲು ಗಂಟೆ, ಉಪ್ಪಿಗಾಗಿ.

ಜುಲೈ 13

ಇವತ್ತು ಕೇಳಿದೆ.

ಮೈ ಒರೆಸಿ, ಹಾಸಿಗೆ ಬದಲಿಸಿ, ಎಲ್ಲ ಮುಗಿಯುವ ಹೊತ್ತಿಗೆ ಸಂಜೆ ಆರು. ಇವರ ಕಣ್ಣು ಸೋತಿತ್ತು. ಬೇರೆ ದಿನ ಕೇಳಿದರಾಯಿತು ಎಂದುಕೊಂಡೆ. ಹಾಗೆಯೇ ಮುಂದೂಡುತ್ತ ಹೋದರೆ ಎಂದು ಕೇಳುವುದು ಎಂದೂ ಅನ್ನಿಸಿತು.

"ರೀ, ಡಾಕ್ಟರ್ ಹೇಳಿದ್ದು ನೆನಪದ ಅಲ್ಲ? ಕೊಳವಿ ಹಾಕಿಸೋಣೇನು?" ಎಂದೆ. ಕಣ್ಣು ಮೇಲೆ ಹೋಯಿತು. "ಅಥವಾ ಬ್ಯಾಡೇನು" ಎನ್ನುವುದನ್ನೂ ಹೇಳಿದೆ. ಅಷ್ಟರಲ್ಲಿ ರೆಪ್ಪೆ ಇಳಿದಿತ್ತು.

ಒಪ್ಪಿದರು. ಎಷ್ಟೋ ತಿಂಗಳ ಮೇಲೆ ಇವತ್ತು ನನಗೆ ಎರಡು ರೊಟ್ಟಿ ಸೇರಿದವು.

ಜುಲೈ 17

ಕಾಲೇಜಿಗೆ ಒಂದು ದಿನದ ರಜೆ ಹಾಕಿ ಮಾನ್ವಿಗೆ ಹೋಗಿದ್ದೆ. ಲತೀಫಾಳ ಲ್ಯಾಬಿನಲ್ಲಿ ನಲವತ್ತು ಹುಡುಗ ಹುಡುಗಿಯರು ಕನಕರಾಯನನ್ನು ಆಡಿದರು. ನಾನು ಹಿಂದೆ ನಿಂತು ನೋಡಿದೆ.

"ಮೇಡಂ, ಈ ಕನಕರಾಯ ಬರೇ ಬೈಸ್ಕೊಳ್ಳಾಕ ಹುಟ್ಯಾನೇನ್ರಿ?" ಎಂದ ಒಬ್ಬ.

"ನಾ ಆ ಗೇಟ್ ಎತ್ತಿದ್ರೂ ಇಂಜಿನೇರ್ ಬಂದ, ಇವ ಈ ಗೇಟ್ ಎತ್ತಿದ್ರೂ ಇಂಜಿನೇರ್ ಬಂದ. ಆ ಇಂಜಿನೇರ್‌ಗ ಬ್ಯಾರೆ ಕೆಲಸ ಇಲ್ಲೇನ್ರಿ?"

ಎಲ್ಲರೂ ನಕ್ಕರು. ಹೌದು, ದಾರಿಗಳನ್ನು ಅಲ್ಲಲ್ಲಿ ಕೂಡಿಸಿದ್ದೇನೆ. ಬೇರೆ ಮಾರ್ಗವಿರಲಿಲ್ಲ. ಎಲ್ಲವನ್ನೂ ಒಡೆಯುತ್ತ ಹೋದರೆ ಕಥೆಗೆ ಮೈ ಬರುವುದಿಲ್ಲ ಎಂದು ಈಗ ಗೊತ್ತಾಗಿದೆ.

ಐಶ್ವರ್ಯ ಎಂಬ ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿ ಕೈಕಟ್ಟಿ ಕೂತಿದ್ದಳು. ಯಾಕಮ್ಮಾ ಎಂದೆ.

"ನಂದು ಮುಗೀತ್ರಿ. ಹನ್ನೆರಡರಾಗ ಚಾವಿ ಇಟ್ಟು ಹೋದೆ."

"ಬ್ಯಾಸರಾಯ್ತೇನು?"

"ಇಲ್ರಿ. ಎಷ್ಟು ಹಗುರ ಆಯ್ತು ಗೊತ್ತೇನ್ರಿ ಮೇಡಂ."

ನಲವತ್ತರಲ್ಲಿ ಹದಿನೇಳು ಮಂದಿ ಹಾಗೆಯೇ ಮಾಡಿದ್ದಾರೆ. ಉಳಿದವರದು ಬೇರೆ ಕಥೆ. ಯಾರು ಎಲ್ಲಿ ಯಾವ ಗುಂಡಿ ಒತ್ತಿದರೆಂದು ಲತೀಫಾಳ ಕಂಪ್ಯೂಟರು ಗುರುತಿಟ್ಟುಕೊಳ್ಳುತ್ತದೆ. ಮೊದಮೊದಲು ಒಂದು, ಎರಡು, ಹೀಗೆ ಬೆರೆತು ಬರುತ್ತವೆ. ಇಪ್ಪತ್ತೈದನೆಯ ಪುಟ ದಾಟಿದ ಮೇಲೆ ಬಹುತೇಕ ಎಲ್ಲರದೂ ಒಂದೇ: ಮೊದಲನೆಯ ಗುಂಡಿ, ಮೊದಲನೆಯ ಗುಂಡಿ, ಮೊದಲನೆಯ ಗುಂಡಿ.

"ಇದು ಆರಿಸಿದ್ದಲ್ಲ ಮೇಡಂ," ಎಂದಳು ಲತೀಫಾ. "ದಣಿದಾರ. ದಣಿದೋರು ಮೊದಲು ಕಂಡಿದ್ದು ಒತ್ತತಾರ. ಯಾವುದು ಮೊದಲು ಇಡ್ತೀವೋ ಅದ ಅವರ ಇಚ್ಛಾ ಅಂತ ನಾವು ತಿಳ್ಕೊಂತೀವಿ."

ವಾಪಸು ಬರುವಾಗ ಕಲ್ಮಲಾದವರೆಗೆ ನಿಂತೇ ಬಂದೆ. ಸೀಟು ಖಾಲಿಯಿತ್ತೆಂದು ಕಂಡಕ್ಟರ್ ಹೇಳಿದ ಮೇಲೆ ಗೊತ್ತಾಯಿತು.

ಜುಲೈ 20

ಮತ್ತೆ ಕೇಳಲು ಮೂರು ದಿನ ತಡೆದೆ. ಇವತ್ತು ಬೆಳಿಗ್ಗೆ ರೊಟ್ಟಿ ಬಡಿಯುತ್ತ ಅಕ್ಕ ತಾವಾಗಿಯೇ ಮಾತು ತೆಗೆದರು.

"ಕೊಳವಿಗೆ ಹ್ಞೂಂ ಅಂದಾನ ಅಂತ ಯಾರಿಗೂ ಹೇಳಬ್ಯಾಡ ಇನ್ನ. ನನ್ನ ಮುಂದ ಬ್ಯಾರೆ ಹೇಳ್ಯಾನ."

"ಯಾವಾಗ್ರಿ?"

"ಶುಕ್ರಾರ. ನೀ ದೇವದುರ್ಗಕ ಹೋದ ಮ್ಯಾಲ. ನೀ ಕೇಳೋದು ಪರೀಕ್ಷಾ ಕೇಳ್ದಂಗ ಇರತದವ್ವಾ. ಅವಂಗ ಪಾಸಾಗಬೇಕು ಅಂತ ಇರತದ."

ಸಿಟ್ಟು ಬಂದರೂ ನುಂಗಿಕೊಂಡೆ. ಹತ್ತು ಗಂಟೆಗೆ, ಇವರು ಚೆನ್ನಾಗಿ ನಿದ್ದೆ ಮಾಡಿ ಎದ್ದ ಮೇಲೆ, ಕುರ್ಚಿ ಎಳೆದುಕೊಂಡು ಕೂತೆ. ಈ ಸಲ "ಬೇಡ" ಎಂಬುದನ್ನು ಮೊದಲು ಹೇಳಿದೆ. ಕಣ್ಣು ಮೇಲೆ ಹೋಯಿತು. ತಡೆದು, ಐದು ನಿಮಿಷ ಬಿಟ್ಟು, ತಿರುವಿ ಕೇಳಿದೆ: "ಕೊಳವಿ ಹಾಕಿಸೋಣೇನು?" ಎಡಕ್ಕೆ. ಮತ್ತೆ ಕೇಳಿದೆ. ಎಡಕ್ಕೆ. ಹಲಗೆ ಹಿಡಿದೆ. ಒಂದು ಗಂಟೆ ಹತ್ತು ನಿಮಿಷ.

ಆಸಪತರೆ ಬೇಡ. ಮನೆಯಲೆ. ಸಾಕು ವಿಜಯ.

ನನ್ನ ಹೆಸರಿಗೆ ಹತ್ತು ನಿಮಿಷ ಹಿಡಿಯಿತು. ಇವರು ಅದನ್ನು ಬಿಟ್ಟುಬಿಡಬಹುದಿತ್ತು, ಬಿಡಲಿಲ್ಲ.

ಹಣೆಯ ಮೇಲೆ ಕೈಯಿಟ್ಟು, ಆಗಲಿ ಎಂದೆ. ನೀವು ಹೇಳಿದ ಹಾಗೆಯೇ ಎಂದೆ. ಇವರು ನನ್ನನ್ನೇ ನೋಡಿದರು, ಮೇಲೂ ಅಲ್ಲ ಎಡಕ್ಕೂ ಅಲ್ಲ. ಅಕ್ಕ ಬಾಗಿಲಲ್ಲಿ ನಿಂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು.

ಡಾಕ್ಟರಿಗೆ ಹೇಳಬೇಕು. ಅವರು ಬರೆದಿಟ್ಟುಕೊಳ್ಳಬೇಕಲ್ಲ.

ಜುಲೈ 27

ಟ್ರಸ್ಟಿನವರ ಪತ್ರ ಬಂದಿದೆ. ಹುಡುಗರು ಕೊನೆಯವರೆಗೆ ಓದುತ್ತಿಲ್ಲ, ಏನಾದರೂ ಮಾಡಿ ಎನ್ನುತ್ತಾರೆ. ಲತೀಫಾ ಶೀಟು ಹರಡಿ ಕೂತಳು. ಅವಳ ಪ್ರಕಾರ ಕಥೆಯನ್ನು ಅರ್ಧಕ್ಕೆ ಇಳಿಸಬೇಕು. ಕೂಡಿಸಿದ ದಾರಿಗಳನ್ನೆಲ್ಲ ಕಿತ್ತುಹಾಕಿ, ಮೂರೇ ಮೂರು ನಿಜವಾದ ನಿರ್ಧಾರಗಳನ್ನು ಉಳಿಸಬೇಕು. ಗಿಡ್ಡವಾದರೂ ಚಿಂತೆಯಿಲ್ಲ.

ನಾನು ಒಪ್ಪಲಿಲ್ಲ. ಸಮಸ್ಯೆ ಇರುವುದು ಹನ್ನೆರಡನೆಯ ಪುಟದಲ್ಲಿ. ಹೊರಗೆ ಹೋಗುವ ಬಾಗಿಲನ್ನು ನಾವೇ ತೆರೆದಿಟ್ಟಿದ್ದೇವೆ, ಅವರು ಹೋಗುತ್ತಿದ್ದಾರೆ. ಅದನ್ನು ಮುಚ್ಚಿದರೆ ಎಲ್ಲರೂ ಮುಂದೆ ಬರುತ್ತಾರೆ. ಮುಂದೆ ಎಷ್ಟೊಂದಿದೆ: ಕೆಳಗಿನ ಊರಿಗೆ ನೀರು ಮುಟ್ಟುವ ದಿನ, ಕನಕರಾಯನ ಮಗಳು ಕಾಲುವೆಗೆ ಕಾಗದದ ದೋಣಿ ಬಿಡುವುದು.

"ಆದ್ರ ಆಡೋರು ಅದನ್ನ ಆರಿಸ್ಯಾರಲ್ರಿ," ಎಂದಳು.

"ಅವರಿಗೆ ಮುಂದ ಏನದ ಅಂತ ಗೊತ್ತಿಲ್ಲ. ನನಗೆ ಗೊತ್ತದ."

"ಮೇಡಂ, ಮೊದಲ್ನೇ ದಿನ ನೀವು ನನಗ ಬೈದಿದ್ರಿ, ಮೋಸ ಅಂತ."

"ಹನ್ನೆರಡು ಪುಟಕ್ಕ ಮುಗುದ್ರ ಅದು ಕಥಿಯೇ ಅಲ್ಲ ಲತೀಫಾ."

ಅವಳು ಪೆನ್ನಿನ ಮುಚ್ಚಳ ಹಾಕಿ, ಚಹಾ ಕುಡಿಯದೆ ಎದ್ದಳು. "ನೀವು ಬರದೋರು. ನೀವು ಹೇಳಿದಂಗ ಆಗ್ಲಿ." ಮನಸ್ಸಿಗೆ ಹಚ್ಚಿಕೊಂಡಳೆಂದು ಕಾಣುತ್ತದೆ. ಆ ಆರು ಸಾಲು ಅಳಿಸುವಾಗ ನನಗೇನೂ ಕಷ್ಟವಾಗಲಿಲ್ಲವೆಂದಲ್ಲ. ಈಗ ಅಲ್ಲಿ ಒಂದೇ ಗುಂಡಿಯಿದೆ: ಗೇಟಿನ ಬಳಿ ನಿಲ್ಲು.

ಡಾಕ್ಟರಿಗೆ ಫೋನ್ ಮಾಡಲಿಲ್ಲ. ಬರುವ ವಾರ.

ಆಗಸ್ಟ್ 2

ದೇವದುರ್ಗದಲ್ಲಿ ಕಿರುಪರೀಕ್ಷೆ. ಬಸ್ಸು ತಡ. ಅಕ್ಕ ಕೇಳಿದರು, ಡಾಕ್ಟರಿಗೆ ತಿಳಿಸಿದಿ ಏನವ್ವಾ ಎಂದು. ಅವರು ಊರಲ್ಲಿಲ್ಲವಂತೆ ಎಂದೆ. ಹಾಗೆ ಯಾಕೆ ಹೇಳಿದೆನೋ.

ದೊಡ್ಡ ಕವಿತೆಯೊಂದನ್ನು ಓದಿದೆ. ಹನ್ನೊಂದು ಪುಟ. ಇವರು ನಡುವೆಯೇ ನಿದ್ದೆ ಹೋದರು, ನಾನು ಕೊನೆಯವರೆಗೆ ಓದಿದೆ.

ಆಗಸ್ಟ್ 10

ನಿನ್ನೆ ಎರಡನೇ ಶನಿವಾರ, ಮನೆಯಲ್ಲಿಯೇ ಇದ್ದೆ. ಅಕ್ಕ ಗುಡಿಗೆ ಹೋಗಿದ್ದರು. ಮಧ್ಯಾಹ್ನ ಮೂರರ ಸುಮಾರಿಗೆ ಕಫ ಕಟ್ಟಿತು. ಹೀರುವ ಯಂತ್ರದಿಂದ ಎಳೆದೆ, ಬರಲಿಲ್ಲ. ತುಟಿಯ ಬಣ್ಣ ತಿರುಗಿತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಮಾಡುವಾಗ ಇವರು ನನ್ನನ್ನು ನೋಡುತ್ತಿದ್ದರು. ಕಣ್ಣು ಎಡಕ್ಕೆ ಹೋಯಿತು, ಬಂತು, ಮತ್ತೆ ಎಡಕ್ಕೆ ಹೋಯಿತು. ಎಷ್ಟು ಸಲವೆಂದು ಎಣಿಸಲಿಲ್ಲ. ಉಸಿರು ಕಟ್ಟಿದವರ ಕಣ್ಣು ಎತ್ತ ಬೇಕಾದರೂ ಹೋಗುತ್ತದೆ.

ಕೇಳುವಷ್ಟು ಸಮಯವಿರಲಿಲ್ಲ.

ಆಸ್ಪತ್ರೆಯಲ್ಲಿ ಕಾಗದ ಮುಂದಿಟ್ಟರು. ಸಹಿ ಹಾಕಿದೆ. "ಪೇಷಂಟ್ ಮೊದ್ಲೇನಾರ ಹೇಳಿದ್ರೇನ್ರಿ, ಬೇಕು ಬೇಡ ಅಂತ?" ಎಂದು ಅಲ್ಲಿದ್ದ ಚಿಕ್ಕ ವಯಸ್ಸಿನ ಡಾಕ್ಟರು ಕೇಳಿದರು. ಒಂದು ಸಲ ಹೌದೆಂದಿದ್ದಾರೆ ಎಂದೆ. ಅದು ಸುಳ್ಳಲ್ಲ. ಜುಲೈ ಹದಿಮೂರರಂದು ಬರೆದಿದ್ದೇನೆ.

ಆಗಸ್ಟ್ 13

ಕೊಳವೆ ಹಾಕಿದ್ದಾರೆ. ಸರಿಯಾಗಿ ಕೂತಿದೆಯಂತೆ. ಅಕ್ಕ ಆಸ್ಪತ್ರೆಯ ವರಾಂಡದಲ್ಲಿ ನನ್ನ ಪಕ್ಕದಲ್ಲಿ ಕೂತು ಒಂದೇ ಮಾತು ಕೇಳಿದರು.

"ಅವ ಹೇಳಿದ್ನಲ್ಲವ್ವಾ?"

"ನೀವು ಇದ್ರ ಏನ್ ಮಾಡ್ತಿದ್ರಿ ಅಕ್ಕಾರ? ನೋಡ್ಕೊಂತ ಕೂಡ್ತಿದ್ರೇನು?"

"ಹ್ಞೂಂ," ಎಂದರು. "ಕೈ ಹಿಡ್ಕೊಂಡು ಕೂಡ್ತಿದ್ದೆ."

ಹೇಳುವುದು ಸುಲಭ.

ಆಗಸ್ಟ್ 24

ಇವರು ಬದುಕಿದ್ದಾರೆ. ಬಣ್ಣ ಬಂದಿದೆ. ಯಂತ್ರ ನಿಮಿಷಕ್ಕೆ ಹದಿನಾಲ್ಕು ಸಲ ಉಸಿರು ಕೊಡುತ್ತದೆ, ಒಂದೂ ತಪ್ಪುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಆರು ವರ್ಷ, ಏಳೂ ಆಗಬಹುದು ಎಂದರು ಡಾಕ್ಟರು. ಏಳು ವರ್ಷಕ್ಕೆ ನನಗೆ ಐವತ್ತೈದು.

ಕಣ್ಣು ತೆರೆಯುತ್ತಿಲ್ಲ. ಔಷಧಿಯ ಮಂಪರಿರಬೇಕು.

ಸೆಪ್ಟೆಂಬರ್ 7

ಮನೆಗೆ ಬಂದು ಐದು ದಿನ. ಔಷಧಿ ನಿಲ್ಲಿಸಿದ್ದಾರೆ. ರೆಪ್ಪೆಗಳಿಗೇನೂ ಆಗಿಲ್ಲವೆಂದು ಡಾಕ್ಟರು ಟಾರ್ಚು ಹಾಕಿ ನೋಡಿ ಹೇಳಿದರು. ನಾನು ಮಂಚದ ಬಳಿ ಹೋದಾಗಲೆಲ್ಲ ನಿದ್ದೆಯಲ್ಲಿರುತ್ತಾರೆ. ಹಲಗೆ ಹಿಡಿದು ಕಾಯುತ್ತೇನೆ. ಆಮೇಲೆ ಗೋಡೆಗೆ ಒರಗಿಸಿಡುತ್ತೇನೆ. ದಣಿವು, ಬೇರೇನಿಲ್ಲ. ಇಷ್ಟು ದೊಡ್ಡ ಆಪರೇಷನ್.

ಈಗ ಕೇಳುವ ಬದಲು ಹೇಳಿಯೇ ಮಾಡುತ್ತೇನೆ. "ರೀ, ಮಗ್ಗುಲಾ ತಿರಗಸಾಕತ್ತೀನಿ." "ರೀ, ಬೆಳಕು ಹಾಕಾಕತ್ತೀನಿ." ಇದರಿಂದ ಇಬ್ಬರಿಗೂ ಸರಾಗ. ಕೆಲಸವೂ ಬೇಗ ಮುಗಿಯುತ್ತದೆ.

ಲತೀಫಾ ಬಂದಿದ್ದಳು. ಕನಕರಾಯನನ್ನು ಟ್ರಸ್ಟಿನವರು ಒಪ್ಪಿಕೊಂಡಿದ್ದಾರೆ. ಈಗ ನೂರಕ್ಕೆ ತೊಂಬತ್ತು ಮಂದಿ ಕೊನೆಯವರೆಗೆ ಹೋಗುತ್ತಾರಂತೆ. ನಾನು ಹೇಳಿದ್ದೇ ಸರಿಯಾಯಿತು ಎಂದೆ. ಇವರನ್ನು ನೋಡಿ ಬರುತ್ತೇನೆಂದು ಒಳಗೆ ಹೋದವಳು ಕಾಲು ಗಂಟೆ ಬಿಟ್ಟು ಬಂದಳು. ಅತ್ತಿದ್ದಳು.

"ಮಾತಾಡಿದ್ರೇನು?"

"ಹ್ಞೂಂ ಮೇಡಂ."

"ಕಣ್ಣು ತೆಗೆದಿದ್ರೇನು? ಏನಂದ್ರು?"

"ಹೋಗಿಬರ್ತೀನ್ರಿ," ಎಂದು ಚಪ್ಪಲಿ ಹಾಕಿಕೊಂಡಳು.

ಸೆಪ್ಟೆಂಬರ್ 19

ಮಧ್ಯಾವಧಿ ಪರೀಕ್ಷೆ ಮುಗಿದು ಎರಡು ಗಂಟೆಗೇ ಬಿಟ್ಟರು. ಎಂದಿಗಿಂತ ಮೊದಲಿನ ಬಸ್ಸು ಸಿಕ್ಕಿತು. ಮನೆಗೆ ಬಂದಾಗ ಬಾಗಿಲು ಬರೀ ಮುಂದೆ ಮಾಡಿತ್ತು, ಚಿಲಕ ಹಾಕಿರಲಿಲ್ಲ. ಒಳಗೆ ಅಕ್ಕನ ದನಿ. ಮಾನ್ವಿಯ ಯಾರದೋ ಲಗ್ನದ ಸುದ್ದಿ, ಬೀಗರು ಜಗಳ ತೆಗೆದದ್ದು, ಹೋಳಿಗೆ ಸಾಲದೆ ಬಂದದ್ದು. ಪರದೆಯ ಸಂದಿನಿಂದ ನೋಡಿದೆ. ಇವರ ಕಣ್ಣು ಪೂರ್ತಿ ತೆರೆದಿತ್ತು. ಅಕ್ಕನ ಕೈ ಹೋದಲ್ಲೆಲ್ಲ ಹೋಗುತ್ತಿತ್ತು. ಹೋಳಿಗೆಯ ಮಾತಿಗೆ ನಕ್ಕಿತು. ನಲವತ್ತೊಂದು ದಿನದ ಮೇಲೆ ನೋಡಿದೆ ಆ ಕಣ್ಣನ್ನು. ಕೈಚೀಲ ಹಿಡಿದುಕೊಂಡು ಅಲ್ಲಿಯೇ ನಿಂತಿದ್ದೆ.

"ಯಾವಾಗ ಬಂದೆವ್ವಾ? ಒಳಗ ಬಾ," ಎಂದರು ಅಕ್ಕ.

ನಾನು ಒಳಗೆ ಹೋಗುವಷ್ಟರಲ್ಲಿ ನಿದ್ದೆ ಬಂದಿತ್ತು ಇವರಿಗೆ.

ಅಕ್ಕ ನಾಳೆ ಬೆಳಗಿನ ಬಸ್ಸಿಗೆ ಮಾನ್ವಿಗೆ ಹೋಗುತ್ತಾರೆ. ಹಬ್ಬಕ್ಕೆ ಸೊಸೆ ಬರಹೇಳಿದ್ದಾಳೆ. ಬೇಡವೆನ್ನಲು ಬಾಯಿ ತೆರೆದರು, ನಾನೇ ಒತ್ತಾಯ ಮಾಡಿ ಒಪ್ಪಿಸಿದೆ. ಎಷ್ಟೆಂದು ದುಡಿದಾರು. ನನಗೆ ದಸರಾ ರಜೆ ಶುರು. ಹದಿನೈದು ದಿನ, ನಾವಿಬ್ಬರೇ. ಬೆಳಗಿನಿಂದ ಸಂಜೆಯವರೆಗೆ ಇವರ ಪಕ್ಕ ಬಿಟ್ಟು ಏಳುವುದಿಲ್ಲ.